ಒಂದು ಮಳೆಗಾಲ ಕಂಡ ಹೊಸ ಮನೆ

ಪ್ರಶ್ನೆ: ನಮ್ಮೂರು ಅಂಕೋಲಾ ತಾಲೂಕು. ಮನೆಯವರು ಕೈಗಾದಲ್ಲಿ ಕೆಲಸದಲ್ಲಿದ್ದಾರೆ, ನಿವೃತ್ತಿಗೆ ಇನ್ನು 6 ವರ್ಷ. ಆಮೇಲೆ ಮಲ್ಲಾಪುರದ ಕ್ವಾರ್ಟರ್ಸ್ ಬಿಡಬೇಕು. ಕಾರವಾರದಲ್ಲಿ ಎರಡು ಮನೆ ನೋಡಿಟ್ಟಿದ್ದೇವೆ. ಒಂದು ಕೋಡಿಬಾಗದಲ್ಲಿ ಹೊಳೆಗೆ ಹತ್ತಿರ, 1994ರಲ್ಲಿ ಕಟ್ಟಿದ ಆರ್‌ಸಿಸಿ ಮನೆ, 3 ಗುಂಟೆ ಜಾಗ, 58 ಲಕ್ಷ ಹೇಳುತ್ತಾರೆ. ಇನ್ನೊಂದು ಹಬ್ಬುವಾಡದ ಕಡೆ 12 ಫ್ಲ್ಯಾಟುಗಳ ಹೊಸ ಕಟ್ಟಡ, 2ನೇ ಮಹಡಿ, 44 ಲಕ್ಷ. ಅದರಲ್ಲಿ ಈವರೆಗೆ 5 ಫ್ಲ್ಯಾಟ್ ಮಾರಾಟವಾಗಿವೆಯಂತೆ. ಮಳೆ ಹಿಡಿಯುವ ಮೊದಲು ಮುಂಗಡ ಕೊಟ್ಟರೆ 1 ಲಕ್ಷ ಬಿಡುತ್ತೇನೆ ಎಂದು ಬಿಲ್ಡರ್ ಹೇಳಿದ್ದಾರೆ. 'ಈಗಿನ ಹೊಸ ಮನೆಯೆಂದರೆ ಬರೀ ಬಣ್ಣ, ಹಿಂದೆ ಕಟ್ಟಿದ್ದೇ ಗಟ್ಟಿ' ಎನ್ನುತ್ತಾರೆ ಮಾವ. ಕಾಳಿ ಸೇತುವೆ ಬಿದ್ದ ಮೇಲೆ ನನಗೆ ಹಳೇ ಕಾಂಕ್ರೀಟ್ ಎಂದರೇ ಹೆದರಿಕೆ. ಅತ್ತೆಗೆ ಮಂಡಿನೋವು ಬೇರೆ. ಹೊಸ ಮನೆ ತಗೊಂಡರೆ ನಿಜವಾಗಿ ಏನು ಲಾಭ, ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನೀವು ಕೇಳಿದ್ದು ಒಂದು ಪ್ರಶ್ನೆ, ಆದರೆ ಪತ್ರದಲ್ಲಿ ಅಳುಕು ಎರಡಿವೆ. ಹಳೆಯದು ಒಳಗಿಂದೊಳಗೇ ಟೊಳ್ಳಾಗಿದ್ದರೆ ಏನು ಗತಿ ಎನ್ನುವುದು ನಿಮ್ಮದು, ಹೊಸದು ಮೇಲೆ ಥಳಕು ಒಳಗೆ ಹುಳುಕಾಗಿದ್ದರೆ ಎನ್ನುವುದು ಮಾವನವರದು. ಎರಡಕ್ಕೂ ಕಾರಣವಿದೆ. ಮಾಜಾಳಿಯಿಂದ ಹೊನ್ನಾವರದವರೆಗೆ ಮನೆ ಕಟ್ಟಿಸುತ್ತ, ಅದಕ್ಕಿಂತ ಹೆಚ್ಚಾಗಿ ಕಟ್ಟಿದ ಮನೆಗಳನ್ನು ರಿಪೇರಿ ಮಾಡಿಸುತ್ತ ಇಷ್ಟು ವರ್ಷ ಕಳೆದ ಸಿವಿಲ್ ಇಂಜಿನಿಯರ್ ನಾನು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪರಿಸ್ಥಿತಿಗೆ ಹೊಸದೇ ಸರಿ. ಆದರೆ ಮಳೆಗಾಲಕ್ಕೆ ಮೊದಲು ಮುಂಗಡ ಕೊಡಬೇಡಿ. ಆ 1 ಲಕ್ಷದ ಆಸೆ ಬಿಡಿ.

ಮಾವನವರ ಮಾತು ಅರ್ಧ ನಿಜ. 'ಹಳೇ ಮನೆ' ಎನ್ನುವ ಒಂದೇ ಹೆಸರಿನಲ್ಲಿ ನಮ್ಮ ಕಡೆ ಎರಡು ಬೇರೆ ಜಾತಿಯ ಮನೆಗಳಿವೆ. ಒಂದು, ಚಿರೆಕಲ್ಲಿನ ದಪ್ಪ ಗೋಡೆ, ಹಲಸು ಮತ್ತಿ ಹೊನ್ನೆಯ ಮರ, ಮೇಲೆ ಮಂಗಳೂರು ಹೆಂಚು ಇರುವ ಮನೆ. ಅದರಲ್ಲಿ ಭಾರ ಹೊರುವ ಜಾಗದಲ್ಲಿ ತುಕ್ಕು ಹಿಡಿಯುವ ಕಬ್ಬಿಣವಿಲ್ಲ. ಮಾಡು ಇಳಿಜಾರಾಗಿ ಗೋಡೆಯಿಂದ ಆಚೆ ಚಾಚಿರುತ್ತಿತ್ತು, ಮೇ ಕೊನೆಗೆ ಪಡುವಣ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಒಡೆದ ಹೆಂಚು ಬದಲಿಸಿ, ಒರಲೆ ತಿಂದ ರೀಪು ತೆಗೆದು ಹೊಸದು ಹೊಡೆದರೆ ಇನ್ನೊಂದು ತಲೆಮಾರು ನಿಲ್ಲುತ್ತದೆ. ಅಂಥ ಮನೆಯ ಬಗ್ಗೆ ಮಾವನವರು ಹೇಳಿದ್ದರೆ ನಾನೂ ಹೌದೆನ್ನುತ್ತೇನೆ.

ನೀವು ನೋಡಿದ್ದು ಎರಡನೇ ಜಾತಿಯದು. 1980ರಿಂದ 2000ದ ನಡುವೆ ಕರಾವಳಿಯುದ್ದಕ್ಕೂ ಎದ್ದ ಸ್ಲ್ಯಾಬ್ ಮನೆಗಳು. ಊರಲ್ಲಿ ಸ್ಲ್ಯಾಬ್ ಮನೆಯೆಂದರೆ ಮರ್ಯಾದೆಯ ಮಾತಾಗಿದ್ದ ಕಾಲ ಅದು. ನನ್ನ ಬಳಿ ಬರುವ ತಲೆನೋವಿನ ಕೇಸುಗಳಲ್ಲಿ ಹೆಚ್ಚಿನವು ಈ ಕಾಲದವೇ.

ಸಮುದ್ರಕ್ಕೆ ಹತ್ತಿರದ ಅಂಥದೊಂದು ಮನೆಗೆ ಕೆಲ ವರ್ಷಗಳ ಹಿಂದೆ ಹೋಗಿದ್ದೆ. ಅಡುಗೆಮನೆಯ ಛಾವಣಿಯಲ್ಲಿ ನೇರವಾದೊಂದು ಗೆರೆ, ಪಕ್ಕದಲ್ಲಿ ಸ್ವಲ್ಪ ಕಂದು ಬಣ್ಣ. 'ಪ್ರತಿ ವರ್ಷ ಚೌತಿಗೆ ಮೊದಲು ಬಣ್ಣ ಹೊಡೆಸುತ್ತೇವೆ, ಮತ್ತೆ ಬರ್ತದೆ' ಅಂದರು ಮನೆಯವರು. ಸುತ್ತಿಗೆಯ ಹಿಡಿಯಿಂದ ತಟ್ಟುತ್ತ ಹೋದೆ. ಮೂಲೆಯಲ್ಲಿ ಗಟ್ಟಿ ಸದ್ದು. ಗೆರೆಯ ಹತ್ತಿರ ಬಂದಂತೆ ಖಾಲಿ ಡಬ್ಬ ಬಡಿದ ಹಾಗೆ. ಇನ್ನೊಂದು ಪೆಟ್ಟಿಗೆ ತಟ್ಟೆಯಗಲದ ಚಕ್ಕೆ ಕಳಚಿ ಕಟ್ಟೆಯ ಮೇಲೆ ಬಿತ್ತು. ಒಳಗಿನ ರಾಡು ಪದರ ಪದರವಾಗಿ ಎದ್ದಿತ್ತು, ಬೆರಳಲ್ಲಿ ಉಜ್ಜಿದರೆ ಪುಡಿ. ತುಕ್ಕು ಕೆರೆದು ಅಳೆದರೆ 10 ಮಿ.ಮೀ. ರಾಡು 6ಕ್ಕೆ ಇಳಿದಿತ್ತು. ಲೆಕ್ಕ ಹಾಕಿದರೆ ಭಾರ ಹೊರುವ ಉಕ್ಕಿನಲ್ಲಿ ಉಳಿದದ್ದು ಮೂರನೇ ಒಂದು ಪಾಲಿಗಿಂತ ಚೂರು ಹೆಚ್ಚು, ಅಷ್ಟೇ. ಆ ಮನೆಯವರು ಅದೇ ಛಾವಣಿಯ ಕೆಳಗೆ ಅಷ್ಟು ವರ್ಷ ಅಡುಗೆ ಮಾಡಿದ್ದರು.

ಹೀಗೇಕಾಗುತ್ತದೆ ಎಂದರೆ, ಒಳ್ಳೆಯ ಕಾಂಕ್ರೀಟು ಕ್ಷಾರೀಯ. ಆ ಕ್ಷಾರದಲ್ಲಿ ಹುದುಗಿದ ಉಕ್ಕಿನ ಮೇಲೆ ತೆಳುವಾದೊಂದು ರಕ್ಷೆ ಕಟ್ಟಿಕೊಳ್ಳುತ್ತದೆ, ಅದಿರುವ ತನಕ ತುಕ್ಕಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದಂತೆ ಕ್ಷಾರ ಕುಗ್ಗುತ್ತದೆ. ಸಮುದ್ರದ ಗಾಳಿಯ ಉಪ್ಪು ತಲುಪಿದರಂತೂ ಕ್ಷಾರ ಇದ್ದರೂ ಆ ರಕ್ಷೆ ಒಡೆಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಗ ಬೇಡುತ್ತದೆ, ಹಾಗಾಗಿ ಹೊರಗಿನ ಕಾಂಕ್ರೀಟನ್ನು ಸೀಳುತ್ತದೆ. ಸೀಳಿನಿಂದ ಇನ್ನಷ್ಟು ನೀರು, ಇನ್ನಷ್ಟು ಉಪ್ಪು.

1994ರ ಮನೆಗೆ ಇದು ಬೇಗ ಬರಲು ಕಾರಣಗಳಿವೆ. ಆಗ ಜಾರಿಯಲ್ಲಿದ್ದ 1978ರ ಕಾಂಕ್ರೀಟ್ ಸಂಹಿತೆ ಎಂ15 ದರ್ಜೆಗೂ (ಎಂ ಮುಂದಿನ ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟು ಗಟ್ಟಿ) ಅವಕಾಶ ಕೊಟ್ಟಿತ್ತು. ಗೌಂಡಿಗಳ ಭಾಷೆಯಲ್ಲಿ ಒಂದು-ಎರಡು-ನಾಲ್ಕು, ಅಂದರೆ ಸಿಮೆಂಟು ಒಂದು ಪಾಲು, ಮರಳು ಎರಡು, ಜಲ್ಲಿ ನಾಲ್ಕು, ಕೈಯಲ್ಲಿ ಕಲಸಿದ್ದು. ಸ್ಲ್ಯಾಬಿನಲ್ಲಿ ರಾಡಿನ ಕೆಳಗೆ ಸಾಮಾನ್ಯವಾಗಿ ಬಿಡುತ್ತಿದ್ದ ಕಾಂಕ್ರೀಟು 15 ಮಿ.ಮೀ. ರಾಡು ಕೂಡ ಟಾರ್ ಸ್ಟೀಲು, ತಣ್ಣಗಿರುವಾಗಲೇ ತಿರುಚಿದ್ದು, ಅದಕ್ಕೆ ತುಕ್ಕು ಬೇಗ. ಮೇ ತಿಂಗಳಲ್ಲಿ ಹೊಳೆಯಂಚಿನ ಬಾವಿ ಉಪ್ಪಾಗುತ್ತದೆ, ಅದೇ ನೀರಲ್ಲಿ ಕಲಸಿದ್ದರೆ ಉಪ್ಪು ಹೊರಗಿಂದ ಬರಬೇಕೆಂದೇ ಇಲ್ಲ. 2000ದಲ್ಲಿ ಪರಿಷ್ಕರಿಸಿದ ಐಎಸ್ 456 ಸಂಹಿತೆಯ ಪ್ರಕಾರ ಕರಾವಳಿಯ ಗಾಳಿಗೆ ಒಡ್ಡಿಕೊಂಡ ಆರ್‌ಸಿಸಿಗೆ ಕನಿಷ್ಠ ಎಂ30 ದರ್ಜೆ ಬೇಕು, ರಾಡನ್ನು ಮುಚ್ಚುವ ಕಾಂಕ್ರೀಟು, ಅಂದರೆ ಕವರ್, 45 ಮಿ.ಮೀ. ಬೇಕು, ಕಲಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು. 15ಕ್ಕೂ 45ಕ್ಕೂ ಇರುವ ಅಂತರ ನೋಡಿ. ಹೊಸ ಮನೆಯ ಮೊದಲ ಲಾಭ ಇದೇ, ನಿಯಮ ಪಾಲಿಸಿ ಕಟ್ಟಿದ್ದರೆ.

ಕಾಳಿ ಸೇತುವೆಯನ್ನು ಮಾತ್ರ ಈ ಲೆಕ್ಕಕ್ಕೆ ತರಬೇಡಿ. 2024ರ ಆಗಸ್ಟ್ 7ರ ನಡುರಾತ್ರಿ ಅದು ಕುಸಿದಾಗ ನಮಗೆಲ್ಲ ಎದೆ ಝಲ್ಲೆಂದಿತ್ತು. ಆದರೆ ಉಬ್ಬರದ ನೀರಿನಲ್ಲಿ ನಿಂತು ಹೆದ್ದಾರಿಯ ಲಾರಿಗಳನ್ನು ಹೊರುವ ಸೇತುವೆ ಬೇರೆ, ಒಂದು ಕುಟುಂಬವನ್ನು ಹೊರುವ ಮನೆ ಬೇರೆ. ಹಳೆಯ ಮನೆ ಸಾಮಾನ್ಯವಾಗಿ ಗೆರೆ, ಕಲೆ, ಚಕ್ಕೆ ಎಂದು ಸೂಚನೆ ಕೊಡುತ್ತಲೇ ಹಾಳಾಗುತ್ತದೆ. ಅದನ್ನು ನಾವು ಬಣ್ಣದಲ್ಲಿ ಮುಚ್ಚುತ್ತೇವೆ.

ಹೊಸ ಮನೆಯ ಎರಡನೇ ಲಾಭವೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಗೋಡೆಯೊಳಗೆ ಏನಿದೆ ಎಂದು ಹೇಳಬಲ್ಲವರು ಇನ್ನೂ ಊರಲ್ಲೇ ಇದ್ದಾರೆ. ಕೋಡಿಬಾಗದ ಮನೆಯ ನಕಾಶೆ ಯಾರ ಹತ್ತಿರವೂ ಸಿಗಲಿಕ್ಕಿಲ್ಲ, ಕಟ್ಟಿದ ಗೌಂಡಿ ಇದ್ದಾನೋ ಇಲ್ಲವೋ. ಹಬ್ಬುವಾಡದ ಕಟ್ಟಡಕ್ಕೆ ಸ್ಟ್ರಕ್ಚರಲ್ ಇಂಜಿನಿಯರ್ ಸಹಿ ಹಾಕಿದ ನಕಾಶೆ ಇರಬೇಕು. ಕಾಂಕ್ರೀಟಿನ ಕ್ಯೂಬುಗಳನ್ನು 28ನೇ ದಿನ ಒಡೆದು ನೋಡಿದ ವರದಿ ಇರಬೇಕು. ಸ್ಲ್ಯಾಬ್ ಹಾಕುವ ಮೊದಲು ರಾಡು ಕಟ್ಟಿದ ಫೋಟೋಗಳು ಸೈಟ್ ಇಂಜಿನಿಯರನ ಮೊಬೈಲಿನಲ್ಲಿ ಇದ್ದೇ ಇರುತ್ತವೆ. ಅವನ್ನು ಕೇಳಿ. ರಾಡಿನ ಕೆಳಗೆ ಸಿಮೆಂಟಿನ ಕವರ್ ಬ್ಲಾಕ್ ಇಟ್ಟಿದ್ದಾರೋ, ಜಲ್ಲಿ ಚೂರು ಸಿಕ್ಕಿಸಿದ್ದಾರೋ ಫೋಟೋದಲ್ಲೇ ಕಾಣುತ್ತದೆ. ಒಳ್ಳೆಯ ಬಿಲ್ಡರ್ ಖುಷಿಯಿಂದ ತೋರಿಸುತ್ತಾನೆ. 'ಅದೆಲ್ಲ ನಿಮಗೆ ಯಾಕೆ, ಟೈಲ್ಸ್ ನೋಡಿ' ಎಂದರೆ ನೀವು ಚಪ್ಪಲಿ ಮೆಟ್ಟಿಕೊಂಡು ಹೊರಡಬಹುದು.

ಮೂರನೆಯದು ಕಾನೂನಿನ ಹೊಣೆ. 2016ರ ರೇರಾ, ಅಂದರೆ ಮನೆ-ಫ್ಲ್ಯಾಟು ಮಾರುವ ಬಿಲ್ಡರುಗಳನ್ನು ನಿಯಂತ್ರಿಸುವ ಕಾಯ್ದೆಯಡಿ ನೋಂದಣಿ ಕಡ್ಡಾಯ; ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಫ್ಲ್ಯಾಟು 8 ಮೀರದಿದ್ದರೆ ವಿನಾಯಿತಿ. ನಿಮ್ಮದು 12 ಫ್ಲ್ಯಾಟು, ಜಾಗವೆಷ್ಟು ಎಂದು ವಿಚಾರಿಸಿ ನೋಂದಣಿ ಸಂಖ್ಯೆ ಕೇಳಿ, ಕರ್ನಾಟಕ ರೇರಾ ಜಾಲತಾಣದಲ್ಲಿ ನೀವೇ ನೋಡಿ. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದಲ್ಲಿ ಅಥವಾ ಕೆಲಸದಲ್ಲಿ ದೋಷ ಕಂಡು ನೀವು ತಿಳಿಸಿದರೆ, 30 ದಿನದೊಳಗೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಕೋಡಿಬಾಗದ ಮನೆಯಲ್ಲಿ ಖರೀದಿ ಪತ್ರಕ್ಕೆ ಸಹಿ ಬಿದ್ದ ಮರುದಿನ ಚಕ್ಕೆ ಉದುರಿದರೂ ಅದು ನಿಮ್ಮದೇ. ಇನ್ನೊಂದು ಮಾತು, ಕರಾರನ್ನು ನೋಂದಣಿ ಮಾಡಿಸದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವ ಹಾಗಿಲ್ಲ. ನಿಮ್ಮ ಲೆಕ್ಕಕ್ಕೆ ಅದು 4.4 ಲಕ್ಷ.

ಸಣ್ಣವೂ ಇವೆ. ಪಾಯ ಹಾಕುವಾಗಲೇ ಮಣ್ಣಿಗೆ ಒರಲೆ ಔಷಧಿ ಕೊಟ್ಟಿದ್ದರೆ ಅದರಷ್ಟು ಚೆನ್ನಾಗಿ ಆಮೇಲೆ ಕೊಡಲಾಗದು. ವೈರಿಂಗ್ ಹೊಸದು, ಅರ್ಥಿಂಗ್ ಸರಿಯಿದ್ದು ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಆರಿಸುವ ಸಾಧನ) ಇದ್ದರೆ ಒದ್ದೆ ಗೋಡೆಯ ಕಾಲದಲ್ಲಿ ಅದು ಜೀವ ಉಳಿಸುವ ವಸ್ತು. ಖರ್ಚಿನಲ್ಲೂ ವ್ಯತ್ಯಾಸವಿದೆ. ಕರ್ನಾಟಕದಲ್ಲಿ 20 ಲಕ್ಷ ಮೀರಿ 45 ಲಕ್ಷದವರೆಗಿನ ಫ್ಲ್ಯಾಟಿನ ಮೊದಲ ಮಾರಾಟಕ್ಕೆ ಮುದ್ರಾಂಕ ಶುಲ್ಕ ಶೇ. 3, ಹಳೆಯ ಮನೆಗೆ ಶೇ. 5. ನಿಮ್ಮ ಎರಡು ಮನೆಗಳಿಗೆ ಅದು 1.32 ಲಕ್ಷ ಮತ್ತು 2.90 ಲಕ್ಷ. ಅದರ ಮೇಲೆ ಸೆಸ್ಸು, ಸರ್ಚಾರ್ಜು, ನೋಂದಣಿ ಶುಲ್ಕ ಎರಡಕ್ಕೂ ಇವೆ. ಕಟ್ಟಡಕ್ಕೆ ಮುಕ್ತಾಯ ಪ್ರಮಾಣಪತ್ರ ಸಿಕ್ಕ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಅದಕ್ಕೆ ಮೊದಲು ಕೊಂಡರೆ, 45 ಲಕ್ಷದೊಳಗಿನ, 90 ಚದರ ಮೀಟರ್ ಕಾರ್ಪೆಟ್ ವಿಸ್ತೀರ್ಣ (ಮನೆಯೊಳಗೆ ಬಳಸಲು ಸಿಗುವ ಜಾಗ) ಮೀರದ ಫ್ಲ್ಯಾಟಿಗೆ ಶೇ. 1, ಮೀರಿದರೆ ಶೇ. 5.

ಇಷ್ಟಾದರೂ 'ಬರೀ ಬಣ್ಣ' ಎಂದ ಮಾವನವರು ಪೂರ್ತಿ ತಪ್ಪಲ್ಲ. ನಿಯಮ ಪುಸ್ತಕದಲ್ಲಿದೆ, ಎಲ್ಲರ ಸೈಟಿನಲ್ಲಿ ಇರುವುದಿಲ್ಲ. ಬೇಸಿಗೆಯಲ್ಲಿ ನೀರಿನ ತತ್ವಾರ ಇದ್ದಾಗ ಮಿಶ್ರ ಸಿಮೆಂಟಿಗೆ ಬೇಕಾದ 10 ದಿನದ ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸುವುದು) ನಾಲ್ಕೇ ದಿನಕ್ಕೆ ನಿಂತದ್ದನ್ನು ಕಂಡಿದ್ದೇನೆ. ತೊಳೆಯದ ಉಪ್ಪು ಮರಳು ಬಂದು ಬಿದ್ದದ್ದನ್ನೂ ಕಂಡಿದ್ದೇನೆ. ಗಜನಿ ಗದ್ದೆಗೆ, ಅಂದರೆ ಹೊಳೆಯಂಚಿನ ತಗ್ಗಿನ ಉಪ್ಪುನೀರಿನ ಗದ್ದೆಗೆ, ಕೆಂಪು ಮಣ್ಣು ತುಂಬಿ ಅದರ ಮೇಲೆ ಕಟ್ಟಿದರಂತೂ ಕೆಳಗಿನ ಕೆಸರು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಮಣ್ಣು ಪರೀಕ್ಷೆಯ ವರದಿ ಕೇಳಿ. ಆ ಜಾಗ ಮೊದಲು ಏನಾಗಿತ್ತು ಎಂದು ಅಕ್ಕಪಕ್ಕದ ಹಿರಿಯರನ್ನೂ ಕೇಳಿ, ಅವರ ಉತ್ತರ ವರದಿಗಿಂತ ಬೇಗ ಸಿಗುತ್ತದೆ.

ಈಗ ಮಳೆಯ ವಿಷಯ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಅದೂ ನೆಟ್ಟಗೆ ಸುರಿಯುವುದಿಲ್ಲ, ಪಡುವಣ ಗಾಳಿಗೆ ಅಡ್ಡಡ್ಡ ಬಂದು ಗೋಡೆಗೆ ಬಡಿಯುತ್ತದೆ. ಮಾರ್ಚಿನಲ್ಲಿ ಬಣ್ಣ ಮುಗಿಸಿ ಏಪ್ರಿಲಿನಲ್ಲಿ ತೋರಿಸಿದ ಮನೆ ಈ ಪರೀಕ್ಷೆಗೆ ಕೂತೇ ಇಲ್ಲ. ಮಳೆಗೆ ಮೊದಲು ಮುಂಗಡ ಕೊಟ್ಟರೆ ರಿಯಾಯಿತಿ ಎನ್ನುವ ಬಿಲ್ಡರಿಗೆ ಬೇರೆ ಕಾರಣವೂ ಇರಬಹುದು, ದುಡ್ಡಿನ ತುರ್ತು ಇರಬಹುದು, ನಾನು ಅವರನ್ನು ಅನುಮಾನಿಸುತ್ತಿಲ್ಲ. ಆದರೆ ಒಂದು ಮಳೆಗಾಲ ಕಂಡ ಹೊಸ ಮನೆಗೆ ನಾನಾದರೆ 1 ಲಕ್ಷ ಹೆಚ್ಚೇ ಕೊಟ್ಟೇನು.

ಜುಲೈನಲ್ಲಿ ಮಳೆ ಬಿಡದೆ ಹಿಡಿದ ಮೂರನೇ ನಾಲ್ಕನೇ ದಿನ ಹೋಗಿ. ಮೊದಲೇ ಫೋನ್ ಮಾಡಬೇಡಿ. ಪಡುವಣ ದಿಕ್ಕಿನ ಕೋಣೆಯ ಗೋಡೆಗೆ ಅಂಗೈ ಒತ್ತಿ ನೋಡಿ. ಕಿಟಕಿಯ ಕೆಳಮೂಲೆ, ಎಸಿ ಪೈಪು ಹಾಯುವ ತೂತು, ಕಂಬವೂ ಗೋಡೆಯೂ ಕೂಡುವ ಉದ್ದ ಗೆರೆ, ಮೇಲಿನ ಮನೆಯ ಬಚ್ಚಲ ಕೆಳಗಿನ ನಿಮ್ಮ ಛಾವಣಿ, ನೀರು ಒಳಬರುವ ದಾರಿಗಳು ಇವೇ. ಗೋಡೆಯ ಕಪಾಟಿನ ಬಾಗಿಲು ತೆಗೆದು ಮೂಸಿ. ಕಿಟಕಿಯ ಮೇಲಿನ ಛಜ್ಜಾದ ಅಡಿಯಂಚಿನಲ್ಲಿ ನೀರು ತಡೆಯುವ ಸಣ್ಣ ಗೀರು ಬಿಟ್ಟಿದ್ದಾರೋ, ಅಥವಾ ನೀರು ಅಡಿಯಲ್ಲೇ ಹರಿದು ಗೋಡೆ ಹಿಡಿಯುತ್ತದೋ ನೋಡಿ. ಇದೊಂದು ಚಿಕ್ಕ ಗೀರು, ಗೌಂಡಿಗೆ ಅರ್ಧ ಗಳಿಗೆಯ ಕೆಲಸ, ಇದಿಲ್ಲದೆ ಹಾಳಾದ ಗೋಡೆಗಳಿಗೆ ಲೆಕ್ಕವಿಲ್ಲ. ತಾರಸಿಗೆ ಹತ್ತಿ, ಶೀಟು ಹಾಕಿದ್ದಾರಾ, ಇಲ್ಲವಾದರೆ ಹಾಕುವ ಖರ್ಚು ಯಾರದ್ದು ಎಂದು ಕೇಳಿ.

ಕಂಡದ್ದೆಲ್ಲ ದೋಷವಲ್ಲ. ಪ್ಲಾಸ್ಟರಿನಲ್ಲಿ ಕೂದಲೆಳೆಯಂಥ ಜೇಡರಬಲೆ ಬಿರುಕು ಹೊಸ ಮನೆಯಲ್ಲಿ ಸಹಜ, ಒಣಗುವಾಗ ಆದದ್ದು. ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಹುಡಿ ಮೊದಲ ವರ್ಷ ಸ್ವಲ್ಪ ಬಂದರೂ ಗಾಬರಿ ಬೇಡ, ವರ್ಷ ವರ್ಷ ಬಂದರೆ ನೀರು ಏರುತ್ತಿದೆ ಎಂದರ್ಥ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ, ಉಗುರು ಸಿಕ್ಕುವಷ್ಟು ಅಗಲದ ಬಿರುಕು, ಅಥವಾ ತೊಲೆ ಕಂಬಗಳಲ್ಲಿ ರಾಡಿನ ಗುಂಟ ಹೋದ ಬಿರುಕು ಕಂಡರೆ ಮಾತ್ರ ಮುಂದೆ ಹೋಗಬೇಡಿ, ಇಂಜಿನಿಯರನ್ನು ಕರೆಯಿರಿ.

ಕಾಗದದಲ್ಲಿ, 'ಬ್ಯಾಂಕು ಸಾಲ ಕೊಡ್ತದೆ ಅಂದ್ರೆ ಎಲ್ಲ ಸರಿಯಿದೆ' ಎಂಬ ನಂಬಿಕೆ ಬಿಡಿ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಣ ಭದ್ರವೋ ಎಂದು. ನಿಮ್ಮದೇ ವಕೀಲರಿಂದ ಎನ್‌ಎ (ಕೃಷಿಯೇತರ ಬಳಕೆಯ) ಆದೇಶ, ಋಣಭಾರ ಪ್ರಮಾಣಪತ್ರ, ನಗರಸಭೆಯ ಕಟ್ಟಡ ಪರವಾನಿಗೆ, ಇ-ಖಾತಾ, ನಿಮ್ಮ ಹೆಸರಿಗೆ ಬರುವ ಭೂಮಿಯ ಪಾಲು ಎಷ್ಟೆನ್ನುವುದನ್ನು ನೋಡಿಸಿ. ಕಟ್ಟಡ ವಾಸಕ್ಕೆ ಸಿದ್ಧವೆಂದು ಕೊಡುವ ಸ್ವಾಧೀನಾನುಭವ ಪ್ರಮಾಣಪತ್ರವಂತೂ ಬೇಕೇ ಬೇಕು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಅದಿಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕವನ್ನೂ ಕೊಡುವ ಹಾಗಿಲ್ಲ. 'ಬರ್ತದೆ, ಅರ್ಜಿ ಹಾಕಿದ್ದೇವೆ' ಎಂಬ ಮಾತಿಗೆ ಪೂರ್ತಿ ಹಣ ಕೊಡಬೇಡಿ. ಹಳೆಯ ಮನೆಗಾದರೆ ಎಲ್ಲ ವಾರಸುದಾರರ ಸಹಿ. ಮುಂಬೈಯಲ್ಲೋ ಗೋವಾದಲ್ಲೋ ಇರುವ ಹೆಣ್ಣುಮಕ್ಕಳದ್ದೂ ಸೇರಿ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಅವರಿಗೆ ಸಮಪಾಲು.

ಹೊಸದು ನಿಮಗೆ ಒಗ್ಗದಿದ್ದರೆ ಬೇರೆ ದಾರಿಗಳೂ ಇವೆ. ಕೋಡಿಬಾಗದ ಮನೆಯನ್ನು ಮನೆಯೆಂದು ಕೊಳ್ಳದೆ ಜಾಗವೆಂದು ಕೊಳ್ಳಬಹುದು. ಅಂದರೆ 3 ಗುಂಟೆಗೆ ಅಲ್ಲಿ ನಡೆಯುವ ದರ ಕೇಳಿ, ಕೆಡವುವ ಖರ್ಚು ಕಳೆದು ಚೌಕಾಸಿ ಮಾಡಿ, ನಿವೃತ್ತಿಗೆ 2 ವರ್ಷ ಇರುವಾಗ ಹೊಸದಾಗಿ ಕಟ್ಟುವುದು. ನೆಲ ನಿಮ್ಮದಾಗುತ್ತದೆ, ಅತ್ತೆಗೆ ಮೆಟ್ಟಿಲಿಲ್ಲ. ಅಪಾಯ ಎಂದರೆ ಹೊಳೆಯಂಚು. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿರ್ಬಂಧ ಸಮುದ್ರಕ್ಕೆ ಮಾತ್ರವಲ್ಲ, ಉಬ್ಬರದ ನೀರು ಏರುವ ಕಾಳಿಯ ದಂಡೆಗೂ ಇದೆ. ಆ ಸರ್ವೆ ನಂಬರು ನಕ್ಷೆಯಲ್ಲಿ ಎಲ್ಲಿ ಬರುತ್ತದೆ, ಕೆಡವಿದ ಮೇಲೆ ಎಷ್ಟು ಕಟ್ಟಲು ಬಿಡುತ್ತಾರೆ ಎನ್ನುವುದು ಲಿಖಿತವಾಗಿ ಗೊತ್ತಾಗದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ರಿಪೇರಿ ಮಾಡಿಸಿ ಇರುವ ದಾರಿಯೂ ಇದೆ. ಅದಕ್ಕೆ ಮೊದಲು ಪರೀಕ್ಷೆ ಆಗಲೇಬೇಕು. ಸುತ್ತಿಗೆ ತಟ್ಟುವುದು, ಕಾಂಕ್ರೀಟಿನ ಗಡಸುತನ ಅಳೆಯುವ ರಿಬೌಂಡ್ ಹ್ಯಾಮರ್, ಹೊಸದಾಗಿ ಒಡೆದ ಕಾಂಕ್ರೀಟಿಗೆ ಫಿನಾಲ್ಫ್‌ಥಲೀನ್ ಸಿಂಪಡಿಸುವುದು. ಗುಲಾಬಿ ಬಣ್ಣ ಬಂದಲ್ಲಿ ಕ್ಷಾರ ಉಳಿದಿದೆ, ಬಾರದಲ್ಲಿ ಹೋಗಿದೆ. ಉಪ್ಪು ಇಳಿದಿದೆಯೇ ಎನ್ನುವುದನ್ನು ಇದು ಹೇಳುವುದಿಲ್ಲ, ಅದಕ್ಕೆ ಪುಡಿ ತೆಗೆದು ಲ್ಯಾಬಿಗೆ ಕಳಿಸಬೇಕು. ಉಪ್ಪು ಇಳಿದ ಸ್ಲ್ಯಾಬಿನಲ್ಲಿ ಕಿತ್ತುಹೋದಲ್ಲಿ ಮಾತ್ರ ತೇಪೆ ಹಾಕಿದರೆ ಕೆಲವೇ ವರ್ಷದಲ್ಲಿ ತೇಪೆಯ ಪಕ್ಕದಲ್ಲೇ ತುಕ್ಕು ಏಳುತ್ತದೆ. ಈ ದಾರಿಯನ್ನು ನಾನು ನಿಮಗೆ ಒತ್ತಿ ಹೇಳಲಾರೆ.

ಫ್ಲ್ಯಾಟಿನಲ್ಲೂ ಕಷ್ಟವಿದೆ. ನೆಲದ ಪಾಲು ಸಣ್ಣದು. 12 ಮನೆಯವರು ಒಮ್ಮತಕ್ಕೆ ಬಂದರೆ ಮಾತ್ರ ಹೊರಗೋಡೆಗೆ ಬಣ್ಣ. 5 ವರ್ಷದ ಹೊಣೆ ಕಾಗದದಲ್ಲಿದ್ದರೂ ಬಿಲ್ಡರ್ ಅಷ್ಟರವರೆಗೆ ಊರಲ್ಲಿರಬೇಕು. ಅವರು 7-8 ವರ್ಷದ ಹಿಂದೆ ಕಟ್ಟಿದ ಇನ್ನೊಂದು ಕಟ್ಟಡ ಎಲ್ಲಿದೆ ಕೇಳಿ, ಅಲ್ಲಿಗೆ ಹೋಗಿ ಮೂರ್ನಾಲ್ಕು ಮನೆಯವರೊಂದಿಗೆ ಮಾತಾಡಿ. ಮಳೆಗಾಲದ ತನಕ ಕಾದರೆ ಫ್ಲ್ಯಾಟ್ ಕೈತಪ್ಪಬಹುದು, ನಿಜ. 12ರಲ್ಲಿ 7 ಇನ್ನೂ ಖಾಲಿ ಇರುವಾಗ ಆ ಭಯ ದೊಡ್ಡದಲ್ಲ. ಬಿಡಲು ಮನಸ್ಸೇ ಇಲ್ಲದಿದ್ದರೆ ಸಣ್ಣ ಮೊತ್ತ ಕೊಟ್ಟು, 'ಆಗಸ್ಟ್ ಕೊನೆಯೊಳಗೆ ಸೋರಿಕೆ ಕಂಡರೆ ಹಣ ಪೂರ್ತಿ ವಾಪಸ್' ಎಂದು ಬರೆಸಿಕೊಳ್ಳಿ.

ಶಿರಸಿ, ಸಿದ್ದಾಪುರದ ಓದುಗರಿಗೆ ಒಂದು ಮಾತು. ಘಟ್ಟದ ಮೇಲೆ ಉಪ್ಪಿನ ಕಾಟವಿಲ್ಲ, ಅಲ್ಲಿ 1990ರ ಕಾಂಕ್ರೀಟು ಸುಸ್ಥಿತಿಯಲ್ಲಿರುವುದು ಅಪರೂಪವಲ್ಲ. ನೀವು ಹೆಚ್ಚು ನೋಡಬೇಕಾದ್ದು ಒರಲೆ, ಥಂಡಿ ಮತ್ತು ಜಾಗದ ಕಾಗದ. ಸೊಪ್ಪಿನ ಬೆಟ್ಟದಲ್ಲೋ (ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡಿನ ಜಾಗ) ಅತಿಕ್ರಮಣ ಜಾಗದಲ್ಲೋ ಎದ್ದ ಮನೆ ಎಷ್ಟು ಹೊಸದಾದರೂ ಕೊಳ್ಳಬೇಡಿ.

ಜುಲೈನಲ್ಲಿ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಮಳೆ ಗಾಳಿಗೆ ಕರೆಂಟು ಹೋಗುವುದು, ಲಿಫ್ಟು ನಿಲ್ಲುವುದು ನಮ್ಮಲ್ಲಿ ಹೊಸತಲ್ಲ. ಜನರೇಟರಿಗೆ ಲಿಫ್ಟ್ ಜೋಡಿಸಿದ್ದಾರೆಯೇ ಕೇಳಿ, ಮೇನ್ ಆರಿಸಿ ಓಡಿಸಿ ತೋರಿಸಲಿ. ಆಮೇಲೆ ಅತ್ತೆಯವರಿಗೆ ಆಗುವಷ್ಟು ಮೆಟ್ಟಿಲು ನಿಧಾನಕ್ಕೆ ಹತ್ತಲಿ. ಒದ್ದೆ ಕಾಲಿಗೆ ಆ ಗ್ರಾನೈಟ್ ಜಾರುತ್ತದೆಯೇ, ಹಿಡಿಯಲು ಕಟಾಂಜನ ಕೈಗೆಟುಕುತ್ತದೆಯೇ ಅವರೇ ಹೇಳುತ್ತಾರೆ. ಎರಡನೇ ಮಹಡಿ ಆಗದು ಎಂದರೆ ಅದೇ ಕಟ್ಟಡದಲ್ಲಿ ಮೊದಲನೇ ಮಹಡಿಯ ಮನೆ ಖಾಲಿ ಇದೆಯೇ ವಿಚಾರಿಸಿ.